ಡೇಟಾಬೇಸನ್ನು ತಂತ್ರಾಂಶದ ಜೊತೆ ಕಟ್ಟಿಕೊಡುವುದು: ದ್ವಿತೀಯ ಪಿಯುಸಿ ತರಗತಿಯ ಎರಡು ಅವಧಿಗಳು

ದ್ವಿತೀಯ ಪಿಯುಸಿ ಗಣಕ ವಿಜ್ಞಾನದ ಡೇಟಾಬೇಸ್ ಘಟಕವನ್ನು ಬೋಧನಾಭ್ಯಾಸದ ಮೂರನೆಯ ವಾರ ಮುಗಿಸಿದೆ. ಪುನರಾವರ್ತನೆಯ ಪ್ರಶ್ನೆಗಳೆಲ್ಲ ಆದಮೇಲೆ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಮೇಡಂ, ಮೊಬೈಲಲ್ಲಿರೋ ಕಾಂಟ್ಯಾಕ್ಟ್ಸ್ ಕೂಡ ಡೇಟಾಬೇಸಲ್ಲೇ ಇರುತ್ತೆ ಅಂದ್ರಿ. ಆದ್ರೆ ನಾವ್ಯಾರೂ ಮೊಬೈಲಿಗೆ ಡೇಟಾಬೇಸ್ ಇನ್‌ಸ್ಟಾಲ್ ಮಾಡೇ ಇಲ್ವಲ್ಲ?”

ಪಠ್ಯಪುಸ್ತಕದಲ್ಲಿ ಟೇಬಲ್ ಇದೆ, ಪ್ರೈಮರಿ ಕೀ ಇದೆ, ಎಸ್‌ಕ್ಯೂಎಲ್ ಆದೇಶಗಳಿವೆ. ಡೇಟಾಬೇಸ್ ತಂತ್ರಾಂಶ ಬಳಕೆದಾರನ ಯಂತ್ರಕ್ಕೆ ಹೇಗೆ ಬಂದು ಸೇರುತ್ತದೆ ಎಂಬ ಮಾತು ಇಲ್ಲ. ಮಾರ್ಗದರ್ಶಿ ಉಪನ್ಯಾಸಕರನ್ನು ಕೇಳಿದಾಗ ಅವರು ಎರಡು ಅವಧಿ ಬಿಟ್ಟುಕೊಟ್ಟರು. ಈ ಲೇಖನ ಆ ಎರಡು ಅವಧಿಗಳ ವರದಿ. ಮೊದಲನೆಯ ಪಾಠಕ್ಕೆ ಅವಲೋಕನ ಪಟ್ಟಿಯಲ್ಲಿ ಒಳ್ಳೆಯ ಅಂಕಗಳು ಬಂದವು. ತಪ್ಪು ಇದ್ದದ್ದು ಅದರಲ್ಲೇ.

ತಯಾರಿ

ನನ್ನ ಬಳಿ ಒಂದು ಉದಾಹರಣೆ ಸಿದ್ಧವಿತ್ತು. ನಾವು ಅಭ್ಯಾಸಕ್ಕೆ ಹೋಗುವ ಕಾಲೇಜಿನ ಗ್ರಂಥಾಲಯವೆಂದರೆ ಸಿಬ್ಬಂದಿ ಕೊಠಡಿಯ ಎರಡು ಬೀರುಗಳು ಮತ್ತು ಒಂದು ದಪ್ಪ ರಿಜಿಸ್ಟರ್. ಯಾವ ಪುಸ್ತಕ ಯಾರ ಬಳಿ ಇದೆ ಎಂದು ಹುಡುಕಲು ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಬರೆದದ್ದು ಪೈಥಾನ್‌ನಲ್ಲಿ, ಹಿಂದೆ ಮೈಎಸ್‌ಕ್ಯೂಎಲ್. ಬಿ.ಎಸ್ಸಿ. ಪ್ರಾಜೆಕ್ಟಿನಲ್ಲಿ ಕಲಿತದ್ದು ಅದನ್ನೇ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ಒಯ್ದು ತೆರೆದಾಗ ಕಿಟಕಿ ಬಂತು, ಗುಂಡಿಗಳೂ ಬಂದವು, ಜೊತೆಗೆ ಸರ್ವರ್ ಸಿಗುತ್ತಿಲ್ಲ ಎಂಬ ಸಂದೇಶವೂ ಬಂತು. ಪ್ರೋಗ್ರಾಂ ಪೆನ್‌ಡ್ರೈವ್ ಹತ್ತಿತ್ತು, ಅದರ ಬೆನ್ನಿಗಿದ್ದ ಡೇಟಾಬೇಸ್ ಸರ್ವರ್ ಮನೆಯಲ್ಲೇ ಉಳಿದಿತ್ತು.

ಸರ್ವರನ್ನೂ ಜೊತೆಗೇ ಕಟ್ಟಿಕೊಂಡು ಬರಬಹುದಲ್ಲವೆ? ಬರಬಹುದು, ಎಷ್ಟೋ ಕಂಪನಿಗಳು ಹಾಗೆ ಮಾಡುತ್ತವೆ. ಆದರೆ ಒಂದು ಸಂಜೆ ಕೂತು ಪ್ರಯತ್ನಿಸಿದಾಗ ಅದು ಕಡತ ನಕಲು ಮಾಡಿದಷ್ಟು ಸುಲಭವಲ್ಲ ಎಂದು ತಿಳಿಯಿತು. ಮೈಎಸ್‌ಕ್ಯೂಎಲ್ ಸರ್ವರ್ ಪ್ರತ್ಯೇಕವಾಗಿ, ಸದಾ ಹಿನ್ನೆಲೆಯಲ್ಲಿ ಓಡುವ ಕಾರ್ಯಕ್ರಮ. ಹೊಸ ಯಂತ್ರದಲ್ಲಿ ಅದಕ್ಕೆ ಡೇಟಾ ಫೋಲ್ಡರನ್ನು ಮೊದಲು ಸಿದ್ಧಗೊಳಿಸಬೇಕು. ವಿಂಡೋಸ್ ಸರ್ವಿಸ್ ಆಗಿ ನೋಂದಾಯಿಸಬೇಕು, ಅದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು. ಪಾಸ್‌ವರ್ಡ್ ಇಡಬೇಕು, ಆ ಪಾಸ್‌ವರ್ಡ್ ಪ್ರೋಗ್ರಾಮಿಗೂ ಗೊತ್ತಿರಬೇಕು. ಅದು ಸಾಮಾನ್ಯವಾಗಿ 3306ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುತ್ತದೆ. ಅದೇ ಯಂತ್ರದಲ್ಲಿ ಇನ್ಯಾರೋ ಎಕ್ಸ್‌ಎಎಂಪಿಪಿ ಹಾಕಿ ಅದರ ಮಾರಿಯಾಡಿಬಿ ಓಡುತ್ತಿದ್ದರೆ ಆ ಪೋರ್ಟ್ ಆಗಲೇ ತುಂಬಿರುತ್ತದೆ, ನಮ್ಮ ಸರ್ವರ್ ಏಳುವುದೇ ಇಲ್ಲ. ನಮ್ಮ ಲ್ಯಾಬಿನ ಎರಡು ಯಂತ್ರಗಳಲ್ಲಿ ಆದದ್ದು ಇದೇ.

ಪರವಾನಗಿಯ ಪ್ರಶ್ನೆಯೂ ಉಂಟು. ಮೈಎಸ್‌ಕ್ಯೂಎಲ್‌ನ ಸಮುದಾಯ ಆವೃತ್ತಿ ಜಿಪಿಎಲ್ ಪರವಾನಗಿಯಲ್ಲಿದೆ. ಸೋರ್ಸ್ ಕೋಡ್ ಮುಚ್ಚಿಟ್ಟು ಮಾರುವ ತಂತ್ರಾಂಶದೊಳಗೆ ಸೇರಿಸಿ ಹಂಚುವವರು ಅದರ ಷರತ್ತುಗಳನ್ನು ಓದಲೇಬೇಕು. ಅಂಥವರಿಗೆಂದೇ ಒರಾಕಲ್ ಕಂಪನಿ ಬೇರೆ ವಾಣಿಜ್ಯ ಪರವಾನಗಿ ಮಾರುತ್ತದೆ. ಉಚಿತವಾಗಿ ಇಳಿಸಿಕೊಳ್ಳಬಹುದಾದದ್ದನ್ನೆಲ್ಲ ಹೇಗೆ ಬೇಕಾದರೂ ಹಂಚಬಹುದು ಎಂದೇ ನಾನು ತಿಳಿದಿದ್ದೆ.

ಹೀಗೆ ಎಸ್‌ಕ್ಯೂಲೈಟ್‌ಗೆ ಬಂದೆ. ಹುಡುಗನ ಪ್ರಶ್ನೆಗೂ ಉತ್ತರ ಇದೇ. ಆಂಡ್ರಾಯ್ಡ್ ಮೊಬೈಲಿನ ಕಾಂಟ್ಯಾಕ್ಟ್ಸ್, ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳು ನೆನಪಿಡುವ ಭೇಟಿಗಳ ಪಟ್ಟಿ ಎಲ್ಲವೂ ಎಸ್‌ಕ್ಯೂಲೈಟ್ ಕಡತಗಳು. ಇದಕ್ಕೆ ಸರ್ವರ್ ಇಲ್ಲ, ಪೋರ್ಟ್ ಇಲ್ಲ, ಪಾಸ್‌ವರ್ಡಿನ ಏರ್ಪಾಡೂ ಇಲ್ಲ. ಅಪ್ಲಿಕೇಷನ್ನಿನ ಒಳಗೇ ಸೇರಿಹೋಗುವ ಒಂದು ಲೈಬ್ರರಿ ಅದು. ಡೇಟಾ ಪೂರ್ತಿ ಒಂದೇ ಕಡತದಲ್ಲಿ ಕೂರುತ್ತದೆ. ಸೋರ್ಸ್ ಕೋಡನ್ನು ಬೇರೆ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಲು ಅನುಕೂಲವಾಗಲೆಂದು ಎಲ್ಲವನ್ನೂ ಒಂದೇ ದೊಡ್ಡ ಸಿ ಕಡತವಾಗಿ ಕೂಡಿಸಿ ಕೊಡುತ್ತಾರೆ. ಪೈಥಾನ್‌ನಲ್ಲಿ 2.5ನೇ ಆವೃತ್ತಿಯಿಂದಲೇ ಅದು ಜೊತೆಗೇ ಬರುತ್ತದೆ. ಪರವಾನಗಿಯ ತಲೆನೋವಿಲ್ಲ, ಬರೆದವರು ಅದನ್ನು ಸಾರ್ವಜನಿಕ ಸ್ವತ್ತಾಗಿ ಬಿಟ್ಟಿದ್ದಾರೆ.

ಮೊದಲ ಅವಧಿ

ಪ್ರೇರಣಾ ಹಂತಕ್ಕೆ ಒಂದು ಟೇಬಲ್ ಫ್ಯಾನಿನ ಪ್ಲಗ್ ಮತ್ತು ಒಂದು ಟಾರ್ಚ್ ಒಯ್ದಿದ್ದೆ. ಸರ್ವರ್ ಬೇಡುವ ಪ್ರೋಗ್ರಾಂ ಕರೆಂಟ್ ಲೈನ್ ಇದ್ದಲ್ಲಿ ಮಾತ್ರ ತಿರುಗುವ ಫ್ಯಾನಿನ ಹಾಗೆ. ಎಸ್‌ಕ್ಯೂಲೈಟ್ ಸೇರಿಸಿಕೊಂಡ ಪ್ರೋಗ್ರಾಂ ಸೆಲ್ ಹಾಕಿಯೇ ಕೊಟ್ಟ ಟಾರ್ಚಿನ ಹಾಗೆ. ಮಕ್ಕಳಿಗೆ ತಕ್ಷಣ ಹತ್ತಿತು. ಹಿಂದಿನ ಬೆಂಚಿನ ಹುಡುಗ, “ಅಂದ್ರೆ ಮೊಬೈಲ್ ಕಂಪನಿಯೋರೇ ಸೆಲ್ ಹಾಕಿ ಕೊಟ್ಟಿರ್ತಾರೆ” ಎಂದ.

ನಂತರ ಕಥೆ ಹೇಳಿದೆ. ಎಸ್‌ಕ್ಯೂಲೈಟ್ ಬರೆದ ಡಿ. ರಿಚರ್ಡ್ ಹಿಪ್ ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದರ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದರು. ಆ ತಂತ್ರಾಂಶ ಇನ್‌ಫಾರ್ಮಿಕ್ಸ್ ಎಂಬ ಡೇಟಾಬೇಸ್ ಸರ್ವರನ್ನು ನೆಚ್ಚಿಕೊಂಡಿತ್ತು. ಸರ್ವರ್ ನಿಂತರೆ ತಂತ್ರಾಂಶವೂ ನಿಲ್ಲುತ್ತಿತ್ತು. ಹಡಗಿಗೆ ಪೆಟ್ಟು ಬಿದ್ದ ಹೊತ್ತಿನಲ್ಲಿ ‘ಸರ್ವರ್ ಸಿಗುತ್ತಿಲ್ಲ’ ಎಂಬ ಸಂದೇಶ ನೋಡಿಕೊಂಡು ಕೂರಲು ಆಗುವುದಿಲ್ಲ. ಸರ್ವರೇ ಬೇಡದ ಡೇಟಾಬೇಸ್ ಬೇಕೆಂಬ ಯೋಚನೆ ಅಲ್ಲಿಂದ ಬಂತು. ಮೊದಲ ಆವೃತ್ತಿ ಹೊರಬಂದದ್ದು 2000ದಲ್ಲಿ. ನನ್ನ ಪೆನ್‌ಡ್ರೈವ್ ಪ್ರಸಂಗವನ್ನೂ ಇದರ ಪಕ್ಕದಲ್ಲಿಟ್ಟು ಹೇಳಿದ್ದರಿಂದ ತರಗತಿ ನಕ್ಕಿತು.

ಕೊನೆಯ ಹತ್ತು ನಿಮಿಷ ಪ್ರಾತ್ಯಕ್ಷಿಕೆ. ಎಸ್‌ಕ್ಯೂಲೈಟಿಗೆ ಬದಲಿಸಿದ ಗ್ರಂಥಾಲಯ ಪ್ರೋಗ್ರಾಮನ್ನು ಪೈಇನ್‌ಸ್ಟಾಲರ್ ಎಂಬ ಉಪಕರಣದಿಂದ ಒಂದೇ ಕಡತವಾಗಿ ಕಟ್ಟಿದ್ದೆ. ಪ್ರೋಗ್ರಾಂ, ಪೈಥಾನ್, ಎಸ್‌ಕ್ಯೂಲೈಟ್, ಖಾಲಿ ಟೇಬಲುಗಳಿರುವ ಡೇಟಾಬೇಸ್ ಕಡತ ಎಲ್ಲವೂ ಆ ಒಂದರೊಳಗೆ. ಲ್ಯಾಬಿನ ಯಂತ್ರಕ್ಕೆ ಹಾಕಿ ಎರಡು ಬಾರಿ ಕ್ಲಿಕ್ ಮಾಡಿದೆ, ತೆರೆಯಿತು. ಒಂದು ಪುಸ್ತಕದ ಹೆಸರು ಸೇರಿಸಿದೆ, ಪಟ್ಟಿಯಲ್ಲಿ ಬಂತು. ಅವಧಿಯ ಗಂಟೆಯೂ ಸರಿಯಾಗಿ ಆಗಲೇ ಹೊಡೆಯಿತು. ಅವಲೋಕನಕ್ಕೆ ಕೂತಿದ್ದ ಸಹಪಾಠಿಗಳಿಬ್ಬರು ‘ಪ್ರೇರಣೆ ಉತ್ತಮ, ಪ್ರಾತ್ಯಕ್ಷಿಕೆ ಯಶಸ್ವಿ’ ಎಂದು ಬರೆದರು.

63 ಪುಸ್ತಕಗಳು

ಅಂದು ಸಂಜೆ ಮೊದಲ ಸಾಲಿನ ವಿದ್ಯಾರ್ಥಿನಿಯೊಬ್ಬಳು ಬಂದು, ಬೀರುವಿನ ಪುಸ್ತಕಗಳನ್ನು ತಾನೇ ತುಂಬಿಸುತ್ತೇನೆ ಎಂದಳು. ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಒಬ್ಬಳೇ ಕೂತು 63 ಪುಸ್ತಕಗಳ ಹೆಸರು, ಲೇಖಕರು, ಕ್ರಮಸಂಖ್ಯೆ ಟೈಪ್ ಮಾಡಿದಳು. ಅವಳೂರಿಗೆ ಹೋಗುವ ಐದು ಗಂಟೆಯ ಬಸ್ಸು ತಪ್ಪಿತು. ಆರೂವರೆಯ ಬಸ್ಸಿಗೆ ಹೋದಳು ಎಂದು ಆಮೇಲೆ ತಿಳಿಯಿತು.

ಮರುದಿನ ಬೆಳಗ್ಗೆ ಪ್ರೋಗ್ರಾಂ ತೆರೆದರೆ ಪಟ್ಟಿ ಖಾಲಿ.

ತರಗತಿ ಸುತ್ತ ನಿಂತಿತ್ತು. ನನಗೆ ಕಾರಣ ಗೊತ್ತಿರಲಿಲ್ಲ. “ನಿನ್ನೆ ಕರೆಂಟ್ ಹೋಗಿರಬೇಕು, ಸೇವ್ ಆಗಿಲ್ಲ” ಎಂದುಬಿಟ್ಟೆ. ಕರೆಂಟ್ ಹೋಗಿರಲಿಲ್ಲ. ಅವಳು ಏನೂ ಹೇಳಲಿಲ್ಲ, ಆದರೆ ಕರೆಂಟ್ ಹೋಗಿರಲಿಲ್ಲ ಎಂಬುದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಲೋಕನ ಪಟ್ಟಿಯಲ್ಲಿ ಈ ಮಾತಿಗೆ ಕಾಲಂ ಇಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ರಾತ್ರಿ ಹಾಸ್ಟೆಲಿನಲ್ಲಿ ಕಾರಣ ಸಿಕ್ಕಿತು. ಪೈಇನ್‌ಸ್ಟಾಲರ್ ಒಂದೇ ಕಡತವಾಗಿ ಕಟ್ಟಿದ ಪ್ರೋಗ್ರಾಂ ಪ್ರತಿ ಬಾರಿ ತೆರೆದಾಗಲೂ ತನ್ನೊಳಗಿನದನ್ನೆಲ್ಲ ಒಂದು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಆ ಫೋಲ್ಡರನ್ನು ಅಳಿಸುತ್ತದೆ. ಡೇಟಾಬೇಸ್ ಕಡತವನ್ನು ನಾನು ಕಟ್ಟಿನೊಳಗೇ ಇಟ್ಟಿದ್ದರಿಂದ ಅವಳು ತುಂಬಿಸಿದ 63 ಸಾಲುಗಳೂ ಬಿದ್ದದ್ದು ಆ ತಾತ್ಕಾಲಿಕ ಫೋಲ್ಡರಿನ ನಕಲಿನಲ್ಲಿ. ಕಿಟಕಿ ತೆರೆದಿರುವವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಮುಚ್ಚಿದ ಕ್ಷಣ ಹೋಗುತ್ತದೆ. ಎಸ್‌ಕ್ಯೂಲೈಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಪೈಇನ್‌ಸ್ಟಾಲರ್ ಕೂಡ. ಲ್ಯಾಪ್‌ಟಾಪಿನಲ್ಲಿ ಇದು ನನ್ನ ಕಣ್ಣಿಗೆ ಬೀಳದಿರಲು ಕಾರಣ, ಅಲ್ಲಿ ನಾನು ಓಡಿಸಿ ನೋಡುತ್ತಿದ್ದದ್ದು ಕಟ್ಟುವ ಮೊದಲಿನ ಪ್ರೋಗ್ರಾಮನ್ನು. ಕಟ್ಟಿದ್ದನ್ನು ತೆರೆದು, ಬರೆದು, ಮುಚ್ಚಿ, ಮತ್ತೆ ತೆರೆದು ನೋಡಿರಲಿಲ್ಲ. ತರಗತಿಯ ಪ್ರಾತ್ಯಕ್ಷಿಕೆಯಲ್ಲಿಯೂ ಮುಚ್ಚಿ ತೆರೆದು ತೋರಿಸಿರಲಿಲ್ಲ. ಗಂಟೆ ಹೊಡೆದದ್ದು ಒಳ್ಳೆಯದೇ ಆಯಿತೆಂದು ಅಂದು ಅಂದುಕೊಂಡಿದ್ದೆ.

ಮಾರ್ಗದರ್ಶಿ ಉಪನ್ಯಾಸಕರಿಗೆ ನಡೆದದ್ದನ್ನು ಹೇಳಿದೆ, ಕರೆಂಟಿನ ಮಾತನ್ನೂ ಸೇರಿಸಿ. ಅವರು ಬೈಯಲಿಲ್ಲ. ನನ್ನ ಪಾಠಯೋಜನೆಯ ಪುಸ್ತಕ ತೆಗೆದು ಪ್ರೇರಣಾ ಹಂತದ ಮೇಲೆ ಬೆರಳಿಟ್ಟರು. “ಈ ಟಾರ್ಚಿನಲ್ಲಿ ಡೇಟಾ ಎಲ್ಲಿದೆಯಮ್ಮ?” ಎಂದರು.

ಇರಲಿಲ್ಲ. ಟಾರ್ಚ್ ಇದೆ, ಅದು ಪ್ರೋಗ್ರಾಂ. ಸೆಲ್ ಇದೆ, ಅದು ಡೇಟಾಬೇಸ್ ಎಂಜಿನ್. ಬಳಸುವವನು ದಿನದಿನವೂ ಕೂಡಿಡುವ ವಸ್ತುವಿಗೆ ಆ ಹೋಲಿಕೆಯಲ್ಲಿ ಜಾಗವೇ ಇಲ್ಲ. ನಾವು ಎರಡಕ್ಕೂ ‘ಡೇಟಾಬೇಸ್’ ಎಂದೇ ಹೇಳುತ್ತೇವೆ. ಪಠ್ಯಪುಸ್ತಕ ಡೇಟಾಬೇಸ್ ಬೇರೆ, ಡಿಬಿಎಂಎಸ್ ಬೇರೆ ಎಂದು ವ್ಯಾಖ್ಯಾನ ಕೊಡುತ್ತದೆ, ಮಕ್ಕಳು ಎರಡು ಅಂಕಕ್ಕೆ ಅದನ್ನು ಬರೆಯುತ್ತಾರೆ, ನಾನೂ ಬರೆದಿದ್ದೆ. ‘ಡೇಟಾಬೇಸನ್ನು ಜೊತೆಗೆ ಕಟ್ಟಿಕೊಡು’ ಎಂದಾಗ ಯಾವುದನ್ನು ಕಟ್ಟಬೇಕು, ಯಾವುದನ್ನು ಕಟ್ಟಬಾರದು ಎಂಬುದು ಆ ವ್ಯಾಖ್ಯಾನದಿಂದ ನನಗೆ ಹೊಳೆದಿರಲಿಲ್ಲ.

ಎರಡನೆಯ ಅವಧಿ

ಮೊದಲ ವಾಕ್ಯದಲ್ಲೇ ಹೇಳಿದೆ: ನಿನ್ನೆ ಕರೆಂಟ್ ಹೋಗಿರಲಿಲ್ಲ, ತಪ್ಪು ನನ್ನದು, ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದೆ. ತರಗತಿ ಸುಮ್ಮನಾಯಿತು. ಆ ಮೌನ ಎಷ್ಟು ಹೊತ್ತು ಇತ್ತೋ, ನನಗಂತೂ ಒಂದು ಅವಧಿಯಷ್ಟು ಅನ್ನಿಸಿತು. ನಂತರ ಪ್ರೋಗ್ರಾಂ ತೆರೆದು ಒಂದು ಪುಸ್ತಕ ಸೇರಿಸಿದೆ. ವಿಂಡೋಸಿನ ತಾತ್ಕಾಲಿಕ ಫೋಲ್ಡರನ್ನು ಪಕ್ಕದಲ್ಲಿ ತೆರೆದು, ಅಲ್ಲಿ ಹೊಸದಾಗಿ ಹುಟ್ಟಿಕೊಂಡ ಫೋಲ್ಡರನ್ನು ತೋರಿಸಿದೆ. “ಈಗ ಮುಚ್ಚು” ಎಂದು ಆ ವಿದ್ಯಾರ್ಥಿನಿಗೇ ಹೇಳಿದೆ. ಅವಳು ಮುಚ್ಚಿದಳು. ಎಲ್ಲರ ಕಣ್ಣೆದುರೇ ಫೋಲ್ಡರ್ ಮಾಯವಾಯಿತು. ಮೊದಲ ಪಾಠದ ಪ್ರಾತ್ಯಕ್ಷಿಕೆಗಿಂತ ಇದನ್ನೇ ಅವರು ಹೆಚ್ಚು ಗಮನವಿಟ್ಟು ನೋಡಿದರು.

ಕಪ್ಪುಹಲಗೆಯ ಮೇಲೆ ಮೂರು ಚೌಕ ಬರೆದೆ: ಪ್ರೋಗ್ರಾಂ, ಎಂಜಿನ್, ಡೇಟಾ. ಯಾವುದು ನಾವು ತಯಾರಿಸಿದ್ದು, ಯಾವುದು ಬೇರೆಯವರಿಂದ ಪಡೆದದ್ದು, ಯಾವುದು ಬಳಸುವವರದ್ದು ಎಂದು ಕೇಳಿದೆ. ಮೂರನೆಯ ಚೌಕಕ್ಕೆ ಉತ್ತರ ಬರಲು ಸ್ವಲ್ಪ ಹೊತ್ತು ಬೇಕಾಯಿತು. “63 ಪುಸ್ತಕ ಇವಳದ್ದು” ಎಂದು ಒಬ್ಬ ಹೇಳಿದ. ಅಲ್ಲಿಂದ ಪಾಠ ತಾನಾಗಿ ನಡೆಯಿತು.

ಹೊಸ ಆವೃತ್ತಿ ಬಂದಾಗ ಪ್ರೋಗ್ರಾಂ ಮತ್ತು ಎಂಜಿನ್ ಬದಲಾಗುತ್ತವೆ, ಡೇಟಾ ಬದಲಾಗಬಾರದು. ಇದನ್ನು ಹೇಗೆ ಹೇಳುವುದೆಂದು ನಾನು ತಡಕಾಡುತ್ತಿದ್ದಾಗ ಕಿಟಕಿ ಬದಿಯ ಹುಡುಗಿಯೊಬ್ಬಳು, “ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಮನೆ ಸಾಮಾನೆಲ್ಲ ಮೊದ್ಲು ಹೊರಗಿಡ್ತೀವಲ್ಲ ಮೇಡಂ, ಹಂಗೆ” ಎಂದಳು. ನನ್ನ ಟಾರ್ಚಿನಲ್ಲಿ ಇಲ್ಲದ್ದು ಇದರಲ್ಲಿ ಇತ್ತು. ಇನ್ನೊಬ್ಬ ತಕ್ಷಣ, “ನಮ್ಮ ಸಾಮಾನು ಯಾವಾಗ್ಲೂ ಹೊರಗೇ ಇದ್ರೆ ಎತ್ತಿಡೋ ಕೆಲ್ಸಾನೇ ಇಲ್ಲ” ಎಂದ. ಸರಿಯಾದ ಪರಿಹಾರವೂ ಅದೇ. ಡೇಟಾ ಕಡತವನ್ನು ಕಟ್ಟಿನೊಳಗೆ ಇಡಬಾರದು. ಪ್ರೋಗ್ರಾಂ ಮೊದಲ ಸಲ ತೆರೆದಾಗ ಬೇರೆ ಜಾಗದಲ್ಲಿ ತಾನೇ ಕಡತ ಸೃಷ್ಟಿಸಿ, ಟೇಬಲುಗಳು ಇಲ್ಲದಿದ್ದರೆ ಮಾತ್ರ ಕಟ್ಟಿಕೊಳ್ಳಬೇಕು. ಮಕ್ಕಳು ಓದಿದ್ದ ಕ್ರಿಯೇಟ್ ಟೇಬಲ್ ಆದೇಶಕ್ಕೆ ‘ಇಫ್ ನಾಟ್ ಎಕ್ಸಿಸ್ಟ್ಸ್’ ಸೇರಿಸಿದರೆ ಸಾಕು.

ಆ ‘ಬೇರೆ ಜಾಗ’ ಯಾವುದು ಎಂಬುದರ ಮೇಲೆ ಚರ್ಚೆ ಬೆಳೆಯಿತು. ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ ಇಡೋಣ ಎಂದರು ಹೆಚ್ಚಿನವರು. ಆದರೆ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯಲು ಸಾಮಾನ್ಯ ಬಳಕೆದಾರನಿಗೆ ಅನುಮತಿ ಇರುವುದಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಬಳಸುವುದು ಒಂದೇ ಲಾಗಿನ್, ಹಾಗಾಗಿ ಆ ಬಳಕೆದಾರನ ಆಪ್‌ಡೇಟಾ ಫೋಲ್ಡರಿನಲ್ಲಿ ಇಡುವುದೆಂದು ತೀರ್ಮಾನವಾಯಿತು. ಬೇರೆ ಬೇರೆ ಲಾಗಿನ್ ಇದ್ದರೆ ಒಬ್ಬರು ತುಂಬಿಸಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ ಎಂಬುದನ್ನೂ ಅವರೇ ಹೇಳಿದರು.

ನಂತರ ಒಂದು ಸಮಸ್ಯೆ ಕೊಟ್ಟೆ. ಪುಸ್ತಕ ಕೊಟ್ಟ ದಾನಿಗಳ ಹೆಸರಿಗೆ ಇನ್ನೊಂದು ಕಾಲಂ ಬೇಕೆಂದು ಪ್ರಾಂಶುಪಾಲರು ಹೇಳಿದರೆ? ಹಳೆಯ ಟೇಬಲ್ ಅಳಿಸಿ ಹೊಸದು ಮಾಡುವುದು ಎಂದ ಒಬ್ಬನನ್ನು ತರಗತಿಯೇ ತಡೆಯಿತು. ಆಲ್ಟರ್ ಟೇಬಲ್ ಆದೇಶದಿಂದ ಕಾಲಂ ಸೇರಿಸಬಹುದು ಎಂಬುದು ಪಠ್ಯದಲ್ಲಿತ್ತು. ಆದರೆ ಈ ಯಂತ್ರದ ಡೇಟಾ ಹಳೆಯ ರೂಪದ್ದೋ ಹೊಸ ರೂಪದ್ದೋ ಎಂದು ಪ್ರೋಗ್ರಾಮಿಗೆ ಹೇಗೆ ತಿಳಿಯಬೇಕು? ಎಸ್‌ಕ್ಯೂಲೈಟ್ ಕಡತದ ತಲೆಭಾಗದಲ್ಲೇ ನಮಗೆ ಬೇಕಾದ ಒಂದು ಸಂಖ್ಯೆ ಬರೆದಿಡಲು ಜಾಗವಿದೆ, ಅದನ್ನು ‘ಯೂಸರ್ ವರ್ಷನ್’ ಎನ್ನುತ್ತಾರೆ. ಆರಂಭದಲ್ಲಿ ಅದು 0. ಕಾಲಂ ಸೇರಿಸಿದ ಮೇಲೆ 1 ಎಂದು ಬರೆದರಾಯಿತು. ಮುಂದಿನ ಬಾರಿ ಪ್ರೋಗ್ರಾಂ ಆ ಸಂಖ್ಯೆ ನೋಡಿ ಕೆಲಸ ಮುಗಿದಿದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲಿ ನಾನು ಅವಸರ ಮಾಡಿದೆ. ಮೂರು ನಾಲ್ಕು ಮಂದಿಗೆ ಮಾತ್ರ ಅರ್ಥವಾಯಿತು ಎಂದು ಸಹಪಾಠಿಯ ಟಿಪ್ಪಣಿ ಹೇಳುತ್ತದೆ, ಅದು ನಿಜ.

ಕೊನೆಯ ಐದು ನಿಮಿಷಕ್ಕೆ ಯೋಜನೆಯಲ್ಲಿ ಇಲ್ಲದ ಮಾತೊಂದು ಬಂತು. “ಕಟ್ಟಿಕೊಟ್ಟಿದ್ದು ಬಳಸೋರಿಗೆ ಗೊತ್ತೇ ಆಗಲ್ಲ ಅಂದ್ರೆ ಒಳ್ಳೇದೇ ಅಲ್ವಾ?” ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಇದಕ್ಕೆ 2003ರ ಜನವರಿ 25ರ ಘಟನೆ ಹೇಳಿದೆ. ಅಂದು ಸ್ಲ್ಯಾಮರ್ ಎಂಬ ವರ್ಮ್ ಕೆಲವೇ ನಿಮಿಷಗಳಲ್ಲಿ ಲೋಕವೆಲ್ಲ ಹರಡಿತು. ಅದು ಹೊಕ್ಕದ್ದು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2000ದ ಒಂದು ದೋಷದ ಮೂಲಕ, 1434ನೇ ಯುಡಿಪಿ ಪೋರ್ಟಿನಿಂದ. ದೋಷಕ್ಕೆ ತಿದ್ದುಪಡಿ 2002ರ ಜುಲೈನಲ್ಲೇ ಬಂದಿತ್ತು. ಆದರೆ ಅದೇ ಎಂಜಿನ್ನಿನ ಚಿಕ್ಕ ರೂಪ ಎಂಎಸ್‌ಡಿಇ ಎಂಬ ಹೆಸರಿನಲ್ಲಿ ಬೇರೆ ಬೇರೆ ಅಪ್ಲಿಕೇಷನ್ನುಗಳೊಳಗೆ ಸೇರಿ ಎಷ್ಟೋ ಯಂತ್ರಗಳಿಗೆ ಹೋಗಿತ್ತು. ತಮ್ಮ ಯಂತ್ರದಲ್ಲಿ ಡೇಟಾಬೇಸ್ ಸರ್ವರ್ ಒಂದು ಓಡುತ್ತಿದೆ ಎಂದೇ ತಿಳಿಯದವರು ಅದಕ್ಕೆ ತಿದ್ದುಪಡಿ ಹಾಕುವುದಾದರೂ ಹೇಗೆ? “ಹಂಗಾದ್ರೆ ಒಳಗೇನಿದೆ ಅಂತ ಡಬ್ಬಿ ಮೇಲೆ ಬರೀಬೇಕು” ಎಂದ ಹುಡುಗ. ಅಂದೇ ಸಂಜೆ ಪ್ರೋಗ್ರಾಮಿನ ‘ಮಾಹಿತಿ’ ಕಿಟಕಿಯಲ್ಲಿ ಎಸ್‌ಕ್ಯೂಲೈಟಿನ ಆವೃತ್ತಿ ಸಂಖ್ಯೆಯನ್ನೂ, ಡೇಟಾ ಕಡತ ಇರುವ ಜಾಗವನ್ನೂ ಕಾಣಿಸುವಂತೆ ಮಾಡಿದೆ.

ಈ ಪಾಠವನ್ನು ಬೇರೆ ಪ್ರಶಿಕ್ಷಣಾರ್ಥಿಗಳು ಮಾಡುವುದಾದರೆ ಟಾರ್ಚನ್ನು ಬಿಡುವುದು ಬೇಡ. ಸರ್ವರ್ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸಕ್ಕೆ ಅದು ಚೆನ್ನಾಗಿ ಒದಗುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಿ, ಮೂರು ಚೌಕಗಳಿಗೆ ಬೇಗ ಬನ್ನಿ. ಎಸ್‌ಕ್ಯೂಲೈಟ್ ಎಲ್ಲದಕ್ಕೂ ಮದ್ದು ಎಂಬ ಭಾವನೆ ಮಕ್ಕಳಲ್ಲಿ ಉಳಿಯದ ಹಾಗೆ ನೋಡಿಕೊಳ್ಳಿ, ನನ್ನ ತರಗತಿಯಲ್ಲಿ ಉಳಿಯಿತು. ಅದರ ಕಡತಕ್ಕೆ ಒಂದು ಹೊತ್ತಿಗೆ ಒಬ್ಬರು ಮಾತ್ರ ಬರೆಯಬಹುದು. ಲ್ಯಾಬಿನ ಮೂವತ್ತು ಯಂತ್ರಗಳು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟ ಒಂದೇ ಕಡತಕ್ಕೆ ಕೈ ಹಾಕುವಂಥ ಕೆಲಸಕ್ಕೆ ಅದು ತಕ್ಕದ್ದಲ್ಲ, ಅಲ್ಲಿ ಸರ್ವರೇ ಬೇಕು. ಮತ್ತು ಪ್ರಾತ್ಯಕ್ಷಿಕೆಗೆ ಮೊದಲು, ಕಟ್ಟಿದ ಪ್ರೋಗ್ರಾಮನ್ನು ನಿಮ್ಮದಲ್ಲದ ಯಂತ್ರದಲ್ಲಿ ತೆರೆದು, ಬರೆದು, ಮುಚ್ಚಿ, ಯಂತ್ರವನ್ನೂ ಆರಿಸಿ, ಮತ್ತೆ ತೆರೆದು ನೋಡಿ.

63 ಪುಸ್ತಕಗಳನ್ನು ಅದೇ ವಿದ್ಯಾರ್ಥಿನಿ ಶುಕ್ರವಾರ ಮತ್ತೆ ತುಂಬಿಸಿದಳು. ಈ ಸಲ ರಿಜಿಸ್ಟರ್ ನನ್ನ ಕೈಯಲ್ಲಿತ್ತು, ನಾನು ಓದಿ ಹೇಳಿದೆ, ಅವಳು ಟೈಪ್ ಮಾಡಿದಳು. ಹತ್ತು ಪುಸ್ತಕಕ್ಕೊಮ್ಮೆ ಪ್ರೋಗ್ರಾಮನ್ನು ಮುಚ್ಚಿ ತೆರೆದು, ಇದೆಯೇ ಎಂದು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಐದು ಗಂಟೆಯ ಬಸ್ಸಿಗೆ ಹತ್ತು ನಿಮಿಷ ಇರುವಾಗ ಮುಗಿಯಿತು.